ಭತ್ತದ ರಸ್ತೆಯಲ್ಲಿ ಒಂದು ಆಡಿಯೋ ಬುಕ್

ಲಾರಿ ನಾಲ್ಕು ಸಲ ಹಾರ್ನ್ ಹೊಡೆಯಿತು. ಶರಣಮ್ಮ ಸರಿಯಲಿಲ್ಲ.

ನಾನೂ ಕೂಗಿದೆ. ಆಗಲೂ ಸರಿಯಲಿಲ್ಲ.

ಕಳೆದ ಬುಧವಾರ ಬೆಳಿಗ್ಗೆ ಎಂದಿನಂತೆ ಸಿಂಧನೂರಿನಿಂದ ಮಸ್ಕಿಯ ಕಾಲೇಜಿಗೆ ಪಾಠ ಮಾಡಲು ಸ್ಕೂಟಿಯಲ್ಲಿ ಹೊರಟಿದ್ದೆ. ಸುಗ್ಗಿಯ ದಿನಗಳಲ್ಲಿ ನಮ್ಮ ಕಡೆ ಅರ್ಧ ರಸ್ತೆ ಗಾಡಿಗಳದ್ದು, ಇನ್ನರ್ಧ ಭತ್ತದ್ದು. ಮಷಿನ್ ಕೊಯ್ದ ಹಸಿ ಭತ್ತವನ್ನು ಡಾಂಬರಿನ ಮೇಲೆ ಹರವಿ, ಅಂಚಿಗೆ ಸಾಲಾಗಿ ಕಲ್ಲಿಟ್ಟು ಒಣಗಿಸುತ್ತಾರೆ. (ಇದು ತಪ್ಪು ಎಂದು ಎಲ್ಲರಿಗೂ ಗೊತ್ತು. ಬೇರೆ ಜಾಗ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ.) ಕೆಳಗಿನ ಕಾಳು ಮೇಲೆ ಬರಬೇಕಲ್ಲ, ಅದಕ್ಕಾಗಿ ಬರಿಗಾಲನ್ನು ಎಳೆಯುತ್ತಾ ಭತ್ತದಲ್ಲಿ ಸಾಲು ಹೊಡೆಯುತ್ತಾ ನಡೆಯುತ್ತಾರೆ. ಗಮನವೆಲ್ಲ ಪಾದದ ಮೇಲೆ. ಹಿಂದಿನಿಂದ ಬರುವ ಗಾಡಿಯನ್ನು ಯಾರೂ ನೋಡುವುದಿಲ್ಲ, ಕೇಳುತ್ತಾರೆ. ಹಾರ್ನ್ ಕೇಳಿದರೆ ತಿರುಗದೆಯೇ ಎರಡು ಹೆಜ್ಜೆ ಪಕ್ಕಕ್ಕೆ. ಇದು ಡ್ರೈವರುಗಳಿಗೂ ಗೊತ್ತು. ಹಾಗಾಗಿ ಅವರು ಹಾರ್ನ್ ಒತ್ತುತ್ತಾರೆ, ಬ್ರೇಕ್ ಒತ್ತುವುದಿಲ್ಲ.

ಶರಣಮ್ಮ ಅಂಚಿನ ಕಲ್ಲುಗಳ ಹೊರಗೆ ಕಾಲಿಟ್ಟಿದ್ದಳು. ಎದುರಿನಿಂದ ಬಸ್ ಬರುತ್ತಿತ್ತು. ಲಾರಿಗೆ ಪಕ್ಕಕ್ಕೆ ಹೋಗಲು ಜಾಗವಿರಲಿಲ್ಲ. ಕೊನೆಯ ಗಳಿಗೆಯಲ್ಲಿ ಡ್ರೈವರ್ ಬ್ರೇಕ್ ತುಳಿದ. ಮೂಟೆ ಹೊತ್ತ ಲಾರಿ ಅಷ್ಟು ಬೇಗ ನಿಲ್ಲುತ್ತದೆಯೇ? ಕಿರುಗುಟ್ಟುತ್ತಾ ಜಾರಿತು. ಅಂಚಿನ ಕಲ್ಲೊಂದು ಟೈರಿಗೆ ಸಿಕ್ಕಿ ಸಿಡಿದು ಅವಳ ಹಿಮ್ಮಡಿಗೆ ಬಡಿಯಿತು. ಆಗ ತಿರುಗಿದಳು.

ಬಂಪರಿಗೂ ಅವಳಿಗೂ ನಡುವೆ ಒಂದು ಮೊಳ.

ಆ ಒಂದು ಮೊಳವನ್ನು ನಾನು ಇನ್ನೂ ಅಳೆಯುತ್ತಲೇ ಇದ್ದೇನೆ. ಪಾಠ ಮಾಡುವಾಗ, ಚಹಾ ಸೋಸುವಾಗ. ಕೆಲವೊಮ್ಮೆ ಅದು ಗೇಣಾಗುತ್ತದೆ.

ಡ್ರೈವರ್ ಇಳಿದು ಬಂದ. "ಯವ್ವಾ, ಕಿವಿ ಏನು ಮನ್ಯಾಗ ಇಟ್ಟು ಬಂದೀ? ಇಡೀ ಊರಿಗೆ ಕೇಳ್ಯದ, ನಿನಗ ಕೇಳವಲ್ದು."

ಶರಣಮ್ಮ ಸೆರಗಿನೊಳಗೆ ಕೈ ಹಾಕಿ ಎರಡೂ ಕಿವಿಯಿಂದ ಇಯರ್‌ಫೋನ್ ತೆಗೆದಳು. "ತಪ್ಪಾತಪಾ. ಆ ಪೋಸ್ಟ್ ಮಾಸ್ತರ ಬಾಗಲಾ ತಗ್ಯಾಕತ್ತಿದ್ದ."

"ಯಾವ ಪೋಸ್ಟ್ ಮಾಸ್ತರ?"

"ಕತಿಯಾಗಿನಾಂವ."

ಡ್ರೈವರ್ ನನ್ನ ಮುಖ ನೋಡಿದ. ನಾನು ನೆಲ ನೋಡಿದೆ. ಏಕೆಂದರೆ ಆ ಇಯರ್‌ಫೋನ್ ನನ್ನದು. ಆ ಕಥೆಯನ್ನು ಅವಳ ಫೋನಿಗೆ ಹಾಕಿಕೊಟ್ಟವಳೂ ನಾನೇ.

ಶರಣಮ್ಮ ನಮ್ಮ ಹಳೆಯ ನೆರೆಯವಳು, ಈಗ ಹೊಲದ ಹತ್ತಿರವೇ ಮನೆ. ಒಂದು ಕಾಲಕ್ಕೆ ಲೈಬ್ರರಿಯ ಪತ್ತೇದಾರಿ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದವಳು. ಈಚೆಗೆ ಕಣ್ಣಿಗೆ ಅಕ್ಷರ ಹತ್ತುವುದಿಲ್ಲ, ಐದು ನಿಮಿಷಕ್ಕೆ ನೀರು ಸುರಿಯುತ್ತದೆ. ಕೆಲವು ವಾರಗಳ ಹಿಂದೆ ನಾನು ಇದೇ ಅಂಕಣದಲ್ಲಿ ಬರೆದಿದ್ದೆ: ಕೈಗೆ ಕೆಲಸವಿದ್ದು ಕಿವಿ ಖಾಲಿ ಇರುವವರಿಗೆ ಆಡಿಯೋ ಬುಕ್ ವರದಾನ ಎಂದು. ಅದನ್ನು ಯಾರೋ ಅವಳಿಗೆ ಓದಿ ಹೇಳಿದ್ದರು, ಅವಳು ತನಗೂ ಬೇಕೆಂದಳು. "ಹೊರಗಿನ ಸದ್ದು ಒಂಚೂರೂ ಬರಲ್ಲ, ಆರಾಮಾಗಿ ಕೇಳು" ಎಂದು ಹೇಳಿಯೇ ಇಯರ್‌ಫೋನ್ ಕೊಟ್ಟಿದ್ದೆ. ಎಂಥಾ ಸಲಹೆ ನೋಡಿ!

ಅಷ್ಟರಲ್ಲಿ ಅವಳ ಗಂಡ ಅಮರಪ್ಪ ಹೊಲದಿಂದ ಓಡಿಬಂದ. ಫೋನ್ ಕಸಿದುಕೊಂಡು ಕಿಸೆಗೆ ಹಾಕಿದ. "ನಾಳಿಂದ ಕತಿನೂ ಬ್ಯಾಡ, ಗಿತಿನೂ ಬ್ಯಾಡ."

"ನೀವು ಟ್ರ್ಯಾಕ್ಟರದಾಗ ಡೆಕ್ ಹಚ್ಚಿ ಊರಿಗೆಲ್ಲ ಹಾಡು ಕೇಳಸ್ತೀರಿ. ಅದನ್ಯಾರು ಕಸಗೊಂಡಾರ?"

ಅಮರಪ್ಪ ಹೊಲದ ಕಡೆ ತಿರುಗಿದ. ಫೋನ್ ಕೊಡಲಿಲ್ಲ.

ನನಗೆ ಮಾತ್ರ ಒಂದು ಕುತೂಹಲ ಅಂಟಿಕೊಂಡಿತು. ಮೈಮೇಲೆ ಬರುವ ಲಾರಿ ಕೇಳುವುದಿಲ್ಲ, ಕಥೆಯ ಬಾಗಿಲು ಕಿರುಗುಟ್ಟಿದ್ದು ಕೇಳುತ್ತದೆ. ಹೇಗೆ? ಇಯರ್‌ಫೋನಿನ ತಪ್ಪೋ, ಕಥೆಯದೋ? ಮರುದಿನ ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಕಿವಿಗೇನೂ ಸಿಕ್ಕಿಸದೆ, ಫೋನನ್ನು ಸ್ಪೀಕರಿಗೆ ಹಾಕಿ, ಕುಕ್ಕರ್ ಏರಿಸಿ, ಅದೇ ಪೋಸ್ಟ್ ಮಾಸ್ತರನ ಸಸ್ಪೆನ್ಸ್ ಕಾದಂಬರಿ ಹಚ್ಚಿದೆ. ಬೀಗ ಹಾಕಿದ ಅಂಚೆ ಕಚೇರಿ, ಒಳಗೆ ಕೊಲೆ. ಕುಕ್ಕರ್ ಎಷ್ಟು ಸಲ ಕೂಗಿತೋ ದೇವರೇ ಬಲ್ಲ. ಬೇಳೆ ಕರಕಲು.

ಶುಕ್ರವಾರ ಇನ್ನೊಂದು. ರೈಲ್ವೆ ಗೇಟ್ ಕಾಯುತ್ತಿದ್ದ ಹೆಣ್ಣುಮಗಳೊಬ್ಬಳ ಜೀವನಚರಿತ್ರೆ, ಈಚೆಗಷ್ಟೇ ಬಂದದ್ದು. ಓದಿದವರ ದನಿಯಲ್ಲಿ ಅವಸರವೇ ಇಲ್ಲ. ಕುಕ್ಕರಿನ ಮೂರು ಸೀಟಿಗಳೂ ಕೇಳಿದವು, ತರಕಾರಿಯವನ ಕೂಗೂ ಕೇಳಿತು. ಬದುಕಿನ ಕಥೆ ನಮ್ಮನ್ನು ಅಡುಗೆಮನೆಯಲ್ಲೇ ಬಿಡುತ್ತದೆ, ಸಸ್ಪೆನ್ಸ್ ಹೊತ್ತೊಯ್ಯುತ್ತದೆ.

ಹೊಸ ಆಡಿಯೋ ಬುಕ್‌ಗಳ ಬಗ್ಗೆ ಬರೆಯುವೆನೆಂದು ಒಪ್ಪಿಕೊಂಡಿದ್ದೆನಲ್ಲ, ಆದ್ದರಿಂದ ಹೇಳುತ್ತೇನೆ: ಎರಡೂ ಚೆನ್ನಾಗಿವೆ. ಗೇಟಿನ ಹೆಣ್ಣುಮಗಳನ್ನು ಸೊಪ್ಪು ಸೋಸುತ್ತಾ ಕೇಳಿ. ಪೋಸ್ಟ್ ಮಾಸ್ತರನನ್ನು ಬಾಗಿಲು ಮುಚ್ಚಿ, ಒಲೆ ಆರಿಸಿ, ಕುಳಿತುಕೊಂಡು ಕೇಳಿ. ಹಳೆಯ ಕೋಟೆಗಳನ್ನು ಸುತ್ತಿದವರ ಪ್ರವಾಸಕಥನವೊಂದೂ ಇದೆ. ಅದನ್ನು ಲಿಂಗಸುಗೂರಿನ ಬಸ್ಸಿನಲ್ಲಿ, ಕಿಟಕಿ ಸೀಟು ಸಿಕ್ಕರೆ.

ಈ ಸಂಶೋಧನೆಯನ್ನೆಲ್ಲ ಹೊತ್ತು ಶನಿವಾರ ಶರಣಮ್ಮನ ಬಳಿ ನಿಂತೆ. ಅವಳು ಭತ್ತ ತಿರುವುತ್ತಿದ್ದಳು, ಕಿವಿ ಬರಿದು. ಅಮರಪ್ಪ ಆಚೆ ಚೀಲ ಹೊಲಿಯುತ್ತಿದ್ದ. "ಇನ್ನು ಮುಂದೆ ಜೀವನಚರಿತ್ರೆ ಕೇಳು" ಎಂದೆ.

ಅವಳು ನಕ್ಕಳು. "ಅಕ್ಕೋರ, ಕಿವಿ ಖಾಲಿ ಇರ್ತಾವ ಅಂತ ಬರದೀರಂತ. ನಮ್ಮ ಕಿವಿ ಯಾವಾಗ ಖಾಲಿ ಅದಾವ್ರೀ? ಇಲ್ಲಿ ಲಾರಿ ಕೇಳಬೇಕು. ಮನ್ಯಾಗ ಹಾಲು ಉಕ್ಕಿದ್ದು ಕೇಳಬೇಕು, ನಳ ಬಂದದ್ದು ಕೇಳಬೇಕು, ಅತ್ತಿ ಕೆಮ್ಮಿದ್ದೂ ಕೇಳಬೇಕು. ಕೈಗೆ ಒಂದು ಕೆಲಸ ಇದ್ರ ಕಿವಿಗೆ ನಾಕು."

ಅವಳು ಕಾಲೆಳೆಯುತ್ತಾ ಇನ್ನೊಂದು ಸಾಲು ಹೊಡೆದಳು.

"ನನಗ ಹೊಸಾ ಪುಸ್ತಕ ಬ್ಯಾಡ್ರೀ. ಒಂದು ತಾಸು ಬೇಕು." ನಂತರ ದನಿ ಏರಿಸಿದಳು, ಆಚೆಗೂ ಕೇಳುವಷ್ಟು. "ಒಂದು ತಾಸು ಯಾರರ ಬಂದು ಈ ಭತ್ತ ತಿರುವಿದ್ರ, ಆ ಬೇವಿನ ಗಿಡದ ಬುಡಕ ಕುಂತು ಕೊಲಿ ಯಾರು ಮಾಡ್ಯಾರ ಅಂತ ಕೇಳೇ ಬಿಡ್ತೀನಿ."

ಅಮರಪ್ಪ ದಬ್ಬಣ ನಿಲ್ಲಿಸಿದ. ಎದ್ದು ಬರುತ್ತಾನೇನೋ ಅಂದುಕೊಂಡೆ. ಫೋನಿದ್ದ ಕಿಸೆ ಮುಟ್ಟಿ ನೋಡಿಕೊಂಡು, ಮತ್ತೆ ಹೊಲಿಯತೊಡಗಿದ.

ಯಾವ ಪುಸ್ತಕ ಕೇಳಬೇಕೆಂದು ನಾನು ವಾರವಾರವೂ ಹೇಳಬಲ್ಲೆ. ಆದರೆ ಅವಳು ಕಥೆ ಕೇಳುವ ಆ ಒಂದು ತಾಸು, ಅವಳ ಬದಲು ಭತ್ತ ತಿರುವುತ್ತಾ ಬೆನ್ನ ಹಿಂದಿನ ಲಾರಿಗಳನ್ನು ಕೇಳಿಸಿಕೊಳ್ಳುವವರು ಯಾರು?