ಹುಲಿಗೆವ್ವನ ಬರಿಗಾಲ ಕಾನೂನು

ವಾಳಪೈ ಊರಿನ ಹೊಳೆದಂಡೆಯ ಪಾರ್ಕಿನಲ್ಲಿ ಬೇರೆಯವರು ಅರ್ಧ ದಿನ ಕೂತರೂ ಸಿಗದ ಮೀನು ನಮ್ಮ ಹುಲಿಗೆವ್ವ ಅತ್ತೆಗೆ ಗಳಿಗೆಯಲ್ಲಿ ಸಿಗುತ್ತಿತ್ತು. ಮಂತ್ರ ಗಿಂತ್ರ ಏನೂ ಇಲ್ಲ, ಅಲ್ಲಿನ ಮೆಟ್ಟಿಲು ಕಟ್ಟುವಾಗ ಕಲ್ಲು ಹೊತ್ತವಳೇ ಅವಳು. ಕಡಲದಂಡೆಯ ಬಾಯ್ನಾದಲ್ಲಿ ಸರ್ಕಾರದವರು ಮನೆ ಕೆಡವಿದ ಮೇಲೆ ಗಂಟು ಕಟ್ಟಿಕೊಂಡು ನಮ್ಮ ಓಣಿಗೆ ಬಂದು ಗೌಂಡಿಗಳ ಕೈಕೆಳಗೆ ಸೇರಿದ್ದಳು. ಕೊನೆಯ ಮೆಟ್ಟಿಲ ಕೆಳಗೆ ಒಂದು ಕಲ್ಲು ಸೊಟ್ಟ ಕೂತು ಹಿಂದೆ ಪೊಳ್ಳು ಉಳಿದದ್ದು ಅವಳಿಗೆ ಗೊತ್ತು. ಮೀಸೆ ಮೀನುಗಳಿಗೂ ಗೊತ್ತು! ಕೆಲಸ ಸಿಗದ ದಿನ ಅವಳ ಮನೆಯ ಸಾರು ಅಲ್ಲಿಂದಲೇ ಬರಬೇಕು.

2008ರ ದೀಪಾವಳಿ ಮುಗಿದ ವಾರ, ಆ ಮೆಟ್ಟಿಲ ಮೇಲೆ ಆಡುತ್ತಿದ್ದ ಕೂಸಿನ ಹಿಮ್ಮಡಿಗೆ ಯಾರೋ ಬಿಟ್ಟುಹೋದ ಗಾಳದ ಮುಳ್ಳು ಚುಚ್ಚಿತು. ಮರುದಿನ ಪಾರ್ಕಿನ ಕಾವಲುಗಾರ ಕಂಠೆಪ್ಪ ಬಂದ. ಅವನೂ ನಮ್ಮ ಹಾಗೆ ಬಾದಾಮಿ ಕಡೆಯಿಂದ ದುಡಿಯಲು ಬಂದವನೇ.

“ಏಳಬೇ ಯವ್ವಾ. ನಾಳಿಂದ ಇಲ್ಲಿ ಗಾಳ ಬಂದ್. ಪಾರ್ಕಿನ ಸಾಹೇಬ್ರು ಹೇಳ್ಯಾರ.”

“ಆ ಮುಳ್ಳು ನಂದಲ್ಲೋ ತಮ್ಮಾ. ನಾ ಬರಿಗಾಲಾಗ ಕುಂದ್ರಾಕಿ. ನನ್ನ ಕಾಲಿಗೆ ನಾನ ಮುಳ್ಳ ಹಾಕ್ಕೊಂತೀನೇನು?”

“ಯಾರ್ದರ ಇರ್ಲಿ. ಹತ್ತ ಮಂದಿ ಬರ್ತೀರಿ, ಎಲ್ಲಾರ ಹಿಂದ ನಾ ತಿರುಗ್ಲೇನು?”

ಅತ್ತೆ ಸಾಲಾಗಿ ಕೂತವರ ಕಾಲು ನೋಡಿದಳು. ಎಲ್ಲರದೂ ಚಪ್ಪಲಿ, ಬೂಟು.

“ನೀ ತಿರುಗಬ್ಯಾಡ. ಗಾಳ ಹಾಕಾವ್ರದು ಚಪ್ಪಲಿ ಬಿಚ್ಚಸು. ಬರಿಗಾಲಾಗ ನಿಂತ್ರ ಯಾವಾಂವ ಮುಳ್ಳ ಚೆಲ್ತಾನ?”

“ಇದೇನ್ ಗುಡಿ ಅಂತ ಮಾಡಿಯೇನು?”

“ಎಂಟ ದಿನಾ ಕೊಡು. ದಿನಾ ಸಂಜಿಗೆ ಎಲ್ಲಾ ಮೆಟ್ಟಲಾ ಬರಿಗಾಲಾಗ ತುಳಿತೀನಿ. ಒಂದ ಮುಳ್ಳ ಚುಚ್ಚಿದ್ರೂ ನನ್ನ ಕೋಲ ನಾನ ಮುರದ ಹೊಳಿಗೆ ಒಗಿತೀನಿ.”

ಕಂಠೆಪ್ಪ ತಲೆ ಕೆರೆದುಕೊಂಡು ಸಾಹೇಬರನ್ನು ಕೇಳಿ ಬಂದ. ಎಂಟು ದಿನ ಸಿಕ್ಕಿತು.

ಎಲ್ಲರೂ ಗೊಣಗುತ್ತಲೇ ಚಪ್ಪಲಿ ಬಿಚ್ಚಿದರು. ಟ್ರಕ್ ಓಡಿಸುವ ಮುಸ್ತಾಕ ಮಾತ್ರ ಹೊಸ ಬೂಟು ಬಿಚ್ಚಲು ಒಪ್ಪಲಿಲ್ಲ.

“ಬಿಚ್ಚಬ್ಯಾಡಪಾ,” ಅಂದಳು ಅತ್ತೆ. “ಮ್ಯಾಲ ಬೆಂಚಿನ ಮ್ಯಾಲ ಕುಂದ್ರು. ನಾವು ಹಿಡಿಯೋದು ನೋಡು.”

ಅವನು ನೋಡುತ್ತಿದ್ದಂತೆ ಅವಳು ಎರಡು ಮೀನು ಎಳೆದಳು. ಮೂರನೆಯದು ಬರುವಷ್ಟರಲ್ಲಿ ಅವನು ಬೂಟು ಬಿಚ್ಚಿದ್ದ. ಕಾಲುಚೀಲದಿಂದ ಹೆಬ್ಬೆರಳು ಹೊರಗೆ ಇಣುಕುತ್ತಿತ್ತು.

“ಅದಕ್ಕೇನ್ ಬೂಟ ಬಿಚ್ಚಲಿಲ್ಲ ಮಗಾ!” ಎಂದು ಅತ್ತೆ ಕೂಗಿದ್ದೇ ತಡ, ದಂಡೆಗೆ ದಂಡೆಯೇ ನಕ್ಕಿತು. ಮುಸ್ತಾಕನೂ ನಕ್ಕ.

ಏಳು ಸಂಜೆ ಒಂದೂ ಮುಳ್ಳು ಸಿಗಲಿಲ್ಲ. ಎಂಟನೆಯ ಸಂಜೆ ಸಾಹೇಬರೇ ಬಂದು ನಿಂತರು. ಅತ್ತೆ ಸೀರೆ ಮೇಲಕ್ಕೆ ಸಿಕ್ಕಿಸಿ ಮೇಲಿನ ಮೆಟ್ಟಿಲಿನಿಂದ ಶುರು ಮಾಡಿದಳು. ಕೆಳಗೆ ಬರುತ್ತಾ ಬರುತ್ತಾ ಒಂದು ಕಡೆ ಗಕ್ಕನೆ ನಿಂತಳು. ಕಾಲೆತ್ತಿದಳು. ಅಂಗಾಲಿಗೆ ಅಂಟಿದ್ದನ್ನು ಕಿತ್ತು ಕಂಠೆಪ್ಪನ ಅಂಗೈಗೆ ಹಾಕಿದಳು.

ಶೇಂಗಾದ ಸಿಪ್ಪೆ.

“ಇದಕ್ಕೊಂದ ಕಾನೂನ ನೀ ಮಾಡಪಾ,” ಎಂದು ಮುಂದೆ ನಡೆದಳು.

ಬಂದ್ ಮಾಡುವ ಮಾತನ್ನು ಸಾಹೇಬರು ಅಲ್ಲೇ ಬಿಟ್ಟರು. ಈಗ ಗಾಳ ಹಿಡಿದು ಯಾರೇ ಬರಲಿ, ಕಾರಿನಿಂದ ಇಳಿದವರೇ ಇರಲಿ, ಗೇಟಿನಲ್ಲಿ ಕಂಠೆಪ್ಪನದು ಒಂದೇ ಕೂಗು: “ಚಪ್ಪಲಿ ಬಿಚ್ಚರೀ!”