ಆರ್ಡಿಸಳ ಕೈಯಲ್ಲಿನ ಮೈಕು

ಮಿನೆಸೋಟದ ಆ ಸಣ್ಣ ಊರಿನ ಲೂಥರನ್ ಚರ್ಚಿನಲ್ಲಿ ಈಸ್ಟರಿಗೆ ಮುಂಚಿನ ಬುಧವಾರಗಳಂದು ಸಂಜೆ ಸೂಪು, ಬ್ರೆಡ್ಡು, ಆಮೇಲೆ ಭಾಷಣ. ಆ ವರ್ಷದ ವಿಷಯ ಧರ್ಮ ಮತ್ತು ರಾಜಕೀಯ. ಪಾದ್ರಿಗಳು ಅದಕ್ಕೆ ಸಂವಾದ ಎಂದು ಹೆಸರಿಟ್ಟಿದ್ದರು. ಸಂವಾದವಂತೆ! ಒಬ್ಬರ ಮುಖ ಕಂಡರೆ ಒಬ್ಬರಿಗಾಗದ ಜನ ಒಂದೇ ಪಾತ್ರೆಯ ಸೂಪು ಕುಡಿದು, ಅದು ಅರಗುವ ಮೊದಲೇ ಹಲ್ಲು ಮಸೆಯುತ್ತ ಕೂರುತ್ತಿದ್ದರು.

ಎಷ್ಟೋ ವರ್ಷಗಳಿಂದ ಮೈಕು ಆರ್ಡಿಸ್ ಟೋಲೆಫ್ಸನ್ ಕೈಯಲ್ಲಿ. ಶಾಲೆಯ ಬಸ್ಸು ಓಡಿಸಿ ನಿವೃತ್ತಳಾದ ಹೆಂಗಸು, ಗದ್ದಲ ಅವಳಿಗೆ ಹೊಸದಲ್ಲ. ಮೈಕನ್ನು ಯಾರ ಕೈಗೂ ಕೊಡುತ್ತಿರಲಿಲ್ಲ. ಪ್ರಶ್ನೆ ಕೇಳುವವರ ಬಾಯಿಯ ಮುಂದೆ ತಾನೇ ಹಿಡಿಯುವಳು, ಸಾಕೆನಿಸಿದಾಗ ತಾನೇ ತೆಗೆಯುವಳು. ಕೊಟ್ಟರೆ ಪ್ರಶ್ನೆ ಹೋಗಿ ಪ್ರವಚನ ಶುರುವಾಗುತ್ತದೆಂದು ಬಲ್ಲಳು. ತನ್ನ ತಮ್ಮ ಮರ್ಲ್‌ನ ಮುಂದೆ ಮಾತ್ರ, ಅವನು ಎಷ್ಟು ಮಾತಾಡಿದರೂ, ಅವಳ ಕೈ ಹಿಂದೆ ಬರುತ್ತಿರಲಿಲ್ಲ.

ಚರ್ಚಿನ ಬಲಿಪೀಠದ ಪಕ್ಕ ನಿಂತಿದ್ದ ದೇಶದ ಬಾವುಟವನ್ನು ಚಳಿಗಾಲದಲ್ಲಿ ಚರ್ಚಿನ ಸದಸ್ಯರು ಗುಪ್ತ ಮತ ಹಾಕಿ ಊಟದ ಹಾಲ್‌ಗೆ ಸಾಗಿಸಿದ್ದರು. ವಿಯೆಟ್ನಾಂ ಯುದ್ಧದಲ್ಲಿ ಸತ್ತ ಇವರಿಬ್ಬರ ಅಣ್ಣ ಲೊವೆಲ್‌ನ ನೆನಪಿಗೆ ತಾಯಿ ಕೊಟ್ಟ ಬಾವುಟ ಅದು. ಅಂದಿನಿಂದ ಮರ್ಲ್‌ಗೆ ಅದೊಂದೇ ಹುಚ್ಚು, ತೆಗೆಸಿದವರು ಯಾರೆಂದು ಹುಡುಕುವುದು. ಅನುಮಾನ ಬಂದವರ ಜೊತೆ ಮಾತು ಬಿಟ್ಟ, ಕ್ಷೌರದಂಗಡಿ ಬದಲಿಸಿದ. ಅಕ್ಕನ ಮನೆಗೆ ಮಾತ್ರ ಭಾನುವಾರದ ಊಟಕ್ಕೆ ತಪ್ಪದೆ ಬಂದು, ಊರವರನ್ನೆಲ್ಲ ಬಯ್ದು, ಹುರಿದ ಹಂದಿಮಾಂಸ ಎರಡನೇ ಸಲ ಬಡಿಸಿಕೊಂಡು ಹೋಗುತ್ತಿದ್ದ. ಗಂಡ ಸತ್ತ ಮೇಲೆ ಆರ್ಡಿಸಳಿಗೆ ಉಳಿದವನು ಅವನೊಬ್ಬನೇ. ಹಾಗಾಗಿ ಅವಳು ಬಾಯಿ ಬಿಡಲಿಲ್ಲ. ಬಾವುಟ ತೆಗೆಯಿರಿ ಎಂದು ಅವಳೂ ಮತ ಹಾಕಿದ್ದಳು.

ಆ ಬುಧವಾರ ಪೇಟೆಯಿಂದ ಬಂದ ಪ್ರೊಫೆಸರು ದೇವರನ್ನೂ ಸರ್ಕಾರವನ್ನೂ ದೂರ ದೂರ ಇಡಬೇಕೆಂದು ಸವಿಸವಿಯಾಗಿ ಹೇಳಿ ನೀರು ಕುಡಿದರು. ಮರ್ಲ್ ಎದ್ದ, ಆರ್ಡಿಸ್ ಮೈಕು ಹಿಡಿದಳು. ಅವನು ಪ್ರೊಫೆಸರ ಕಡೆ ನೋಡಲೂ ಇಲ್ಲ. ಚರ್ಚಿನಲ್ಲಿ ಆರ್ಗನ್ ನುಡಿಸುವ ಗ್ಲೆನಿಸಳತ್ತ ಬೆರಳು ಚಾಚಿದ.

"ಬಾವುಟ ತೆಗೆಸಿದ್ದು ಇವಳೇ, ನಂಗೊತ್ತು. ಸತ್ತ ಹುಡುಗನ್ನ ತುಳ್ಕೊಂಡು ಹೋಗಿ ಆರ್ಗನ್ ಬಾರಿಸ್ತಾಳೆ. ನಾಚಿಕೆ ಆಗ್ಬೇಕು."

ಹಿಂದಿನ ಸಾಲಿನಲ್ಲಿ ಕೆಲವರು ಚಪ್ಪಾಳೆ ತಟ್ಟಿದರು. ಪಾದ್ರಿಗಳು ನೆಲ ನೋಡುತ್ತ ನಿಂತರು, ಇಂಥ ಹೊತ್ತಿನಲ್ಲಿ ಅವರು ನೋಡುವುದೇ ನೆಲವನ್ನು. ಬಾವುಟ ಇರಲಿ ಎಂದು ಮತ ಹಾಕಿದ್ದ ಗ್ಲೆನಿಸ್ ಅಳುತ್ತಿದ್ದಳು. ತನ್ನ ಮತ ಯಾವುದೆಂದು ಅವಳೇ ಆರ್ಡಿಸಳಿಗೆ ಹಿಂದೆಯೇ ಹೇಳಿದ್ದಳು.

ಆರ್ಡಿಸ್ ಮೈಕನ್ನು ತನ್ನ ಬಾಯಿಗೆ ತಿರುಗಿಸಿಕೊಂಡಳು. ಅಷ್ಟು ವರ್ಷಗಳಲ್ಲಿ ಅದೇ ಮೊದಲು.

"ಅವಳಲ್ಲ ಕಣೋ, ನಾನು. ಲೊವೆಲ್‌ನ ಕರ್ಕೊಂಡು ಹೋಗಿ ಪೆಟ್ಟಿಗೇಲಿ ವಾಪಸ್ ಕಳ್ಸಿದೋರ ಬಾವುಟ ಅದು. ಅದರೆದುರು ಮಂಡಿಯೂರಿದ್ರೆ ನಂಗೆ ಪ್ರಾರ್ಥನೆ ಬರ್ತಿರ್ಲಿಲ್ಲ, ಬೈಗುಳ ಬರ್ತಿತ್ತು. ಇಷ್ಟು ದಿನ ನನ್ನ ಮನೇಲಿ ಉಂಡು ನನ್ನನ್ನೇ ಬೈದಿದ್ದೀಯ ನೀನು."

ಮರ್ಲ್‌ನ ಮುಖ ಬಿಳಿಚಿತು. ಆರ್ಡಿಸ್ ರೂಢಿಯಂತೆ ಮೈಕನ್ನು ಮತ್ತೆ ಅವನ ಬಾಯಿಯ ಮುಂದೆ ಹಿಡಿದಳು. ಅವನ ಉಸಿರು ಇಡೀ ಹಾಲ್‌ಗೆ ಕೇಳಿಸಿತು.

"ಅಕ್ಕಾ, ಅದನ್ನ ಆಫ್ ಮಾಡು."

"ಮೊದ್ಲು ಗ್ಲೆನಿಸ್‌ಗೆ ಹೇಳೋದು ಹೇಳು. ಆಮೇಲೆ ಮಾಡ್ತೀನಿ."

ಅವನು ಟೋಪಿ ಎತ್ತಿಕೊಂಡು ಹೊರಟುಹೋದ.

ಭಾನುವಾರ ಅವಳು ಎಂದಿನಷ್ಟೇ ಮಾಂಸ ಹುರಿದು ಕಾದಳು. ಮರ್ಲ್ ಬರಲಿಲ್ಲ. ಉಳಿದದ್ದನ್ನು ಸೋಮವಾರ ತಿಂದಳು, ಮಂಗಳವಾರವೂ ತಿಂದಳು. ಬುಧವಾರ ಮೈಕು ಹಿಡಿಯಲು ಹೋದಳು.