ಗುಡಿಸಿದವರ ಮೇಲೆ ಗೂಬೆ

ಒಂದೇ ಒಂದು ಪದ ಬದಲಿಸಿದ್ದಕ್ಕೆ ನಮ್ಮ ಶಬಾನಾಳ ನೌಕರಿ ಹೋಗುವುದರಲ್ಲಿತ್ತು ನೋಡಿ!

ವಿಜಯಪುರದ ಹುಡುಗಿ. ಮುಂಬೈ ಪವಾಯಿಯ ನಮ್ಮ ಆಫೀಸಿಗೆ ಹೊಸಬಳು. ಇದೇ ವಾರ ಕಾಯಂ ಆಗಬೇಕಿತ್ತು. ಅಷ್ಟರಲ್ಲಿ ನಾವು ಪ್ರೋಗ್ರಾಮ್ ಬರೆದುಕೊಟ್ಟ ಕೊರಿಯರ್ ಕಂಪನಿಯಲ್ಲಿ ಗಲಾಟೆ. ಮಲಾಡಿಗೆ ಹೋಗಬೇಕಾದ ಪಾರ್ಸೆಲ್‌ಗಳೆಲ್ಲ ಮುಲುಂಡ್ ಸೇರಿದ್ದವು.

ಮ್ಯಾನೇಜರ್ ಪ್ರೋಗ್ರಾಮ್ ತೆರೆದರು. ಯಾವ ಸಾಲನ್ನು ಯಾರು ಬರೆದರೆಂದು ಕಂಪ್ಯೂಟರ್ ತೋರಿಸುತ್ತದಲ್ಲ, ಅಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದೇ ಹೆಸರು. ಶಬಾನಾ!

"ಹರ್ ಲೈನ್ ಪೇ ತುಮ್ಹಾರಾ ನಾಮ್ ಹೈ. ಔರ್ ಕಿಸ್ ಸೇ ಪೂಛೂಂ?" ಎಂದರು. ಸಾಲುಸಾಲಿಗೂ ನಿನ್ನದೇ ಹೆಸರಿರುವಾಗ ಇನ್ಯಾರನ್ನು ಕೇಳಲಿ ಅಂತ.

ಹುಡುಗಿ ಕಣ್ಣು ತುಂಬಿಕೊಂಡು ನನ್ನ ಟೇಬಲ್ಲಿಗೆ ಬಂದಳು. "ಸರ, ನಾ ಬಟನ್ ಮ್ಯಾಲಿನ ಒಂದ ಶಬ್ದ ಬದ್ಲ ಮಾಡೀನ್ರಿ, ಅಷ್ಟ. ಅಲ್ಲಾನ ಆಣಿ."

ಪಕ್ಕದ ಕುರ್ಚಿ ಎಳೆದುಕೊಟ್ಟೆ. ಇಬ್ಬರೂ ಕೂತು ಹುಡುಕಿದೆವು. ಯಾರ ಕಿತಾಪತಿ ಗೊತ್ತೇ? ಫಾರ್ಮ್ಯಾಟರ್‌ನದು! ಕೋಡನ್ನು ಒಪ್ಪ ಓರಣ ಮಾಡುವ ಟೂಲ್ ಅದು. ಸೇವ್ ಒತ್ತಿದರೆ ಸಾಕು, ಸಾಲುಗಳನ್ನು ನೆಟ್ಟಗೆ ಜೋಡಿಸುತ್ತದೆ. (ಅರ್ಥ ಕೆಡಿಸುವುದಿಲ್ಲ, ಪಾಪ.) ಆದರೆ ಅದಕ್ಕೊಂದು ಚಾಳಿ. ನೀವು ಮುಟ್ಟಿದ್ದು ಒಂದೇ ಸಾಲಾದರೂ ಇಡೀ ಫೈಲನ್ನೇ ಜೋಡಿಸಿಡುತ್ತದೆ. ಆಮೇಲೆ ಎಲ್ಲ ಸಾಲಿಗೂ ನಿಮ್ಮದೇ ಹೆಸರು.

ಅವಳು ಮುಟ್ಟುವ ಮೊದಲಿನ ಪ್ರತಿ ತೆಗೆದು ನೋಡಿದೆವು. ಪಾರ್ಸೆಲ್‌ಗಳ ದಾರಿ ತಪ್ಪಿಸಿದ ಸಾಲು ಹಿಂದಿನ ದಿನವೇ ಬಂದು ಕೂತಿತ್ತು. ಬರೆದವರು? ಸ್ವತಃ ಮ್ಯಾನೇಜರ್ ಸಾಹೇಬರು!

ಅವರು ತಲೆ ಕೆರೆದುಕೊಂಡರು. ಎಲ್ಲರೆದುರೇ "ಸಾರಿ ಬೇಟಾ" ಎಂದರು. (ದೊಡ್ಡ ಮನಸ್ಸು, ಸುಳ್ಳೇಕೆ ಹೇಳಲಿ?) ಶಬಾನಾ ಕಾಯಂ ಆದಳು. ಟೂಲಿನ ಚಾಳಿಯನ್ನೂ ಅವಳೇ ಬಿಡಿಸಿದಳು. ಈಗ ಅದು ನಾವು ಮುಟ್ಟಿದ ಸಾಲನ್ನಷ್ಟೇ ಜೋಡಿಸುತ್ತದೆ, ಉಳಿದವರ ತಂಟೆಗೆ ಹೋಗುವುದಿಲ್ಲ.

ಮನೆಗೆ ಹೋಗುವ ಲೋಕಲ್ ರೈಲಿನಲ್ಲಿ ನಿಂತು ಇದನ್ನೇ ಯೋಚಿಸುತ್ತಿದ್ದೆ. ನಮ್ಮ ಬಿಲ್ಡಿಂಗಿನಲ್ಲಿ ಚಪ್ಪಲಿ ಕಾಣದಿದ್ದರೆ ಮೊದಲು ಕರೆಸುವುದು ಯಾರನ್ನು? ಮೆಟ್ಟಿಲು ಗುಡಿಸುವ ಮೌಶಿಯನ್ನು. ಥೂ, ಎಂಥ ಬುದ್ಧಿ ನಮ್ಮದು ಅನ್ನಿಸಿತು.

ಸಯನ್‌ನ ಮನೆ ಸೇರಿದೆ. ಮೊಬೈಲ್ ಚಾರ್ಜರ್ ಟೇಬಲ್ ಮೇಲಿಲ್ಲ! ಹಾಲ್ ನೋಡಿದರೆ ಆಗಷ್ಟೇ ಗುಡಿಸಿ ಚೊಕ್ಕವಾಗಿತ್ತು.

"ಏ, ನನ್ನ ಚಾರ್ಜರ್ ಎಲ್ಲಿ ಒಗದೀ?" ಎಂದು ಹೆಂಡತಿಯ ಮೇಲೆ ಕೂಗಿಯೇಬಿಟ್ಟೆ.

"ಮೊದ್ಲ ನಿಮ್ಮ ಬ್ಯಾಗ್ ನೋಡ್ರಿ," ಎಂದಳು.

ಬ್ಯಾಗಿನಲ್ಲೇ ಇತ್ತು.

ಟೂಲಿನ ಚಾಳಿಯನ್ನು ಶಬಾನಾ ಬಿಡಿಸಿದಳು. ನನ್ನದನ್ನು ಬಿಡಿಸುವವರು ಯಾರು?